ಹೊಸ ಉಯ್ಯಾಲೆಗಿಂತ ಮೊದಲು ಒಬ್ಬ ಮಾಲಿಯನ್ನು ಕೊಡಿ

ಹೊಸೂರಿನ ಅಂಚಿನಲ್ಲಿರುವ ನಮ್ಮ ಬಡಾವಣೆಯ ಅಕ್ಕಪಕ್ಕದವರಿಗೆ, ವಾರ್ಡಿನ ಪ್ರತಿನಿಧಿಗಳಿಗೆ, ಪಾರ್ಕು ಮತ್ತು ಮೈದಾನಗಳ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ ನಮಸ್ಕಾರ.

ನನ್ನ ಮೇಜಿನ ಮೇಲೆ ಈಗ ಸರಪಳಿಯ ಒಂದು ಕೊಂಡಿ ಇದೆ. ನಮ್ಮ ಪಾರ್ಕಿನ ಉಯ್ಯಾಲೆಯದ್ದು. ಹೋದ ಭಾನುವಾರ ಹಿಂದಿನ ಗೋಡೆಯ ಕಿಂಡಿಯಿಂದ ಮೊಮ್ಮಗನನ್ನು ಕರೆದುಕೊಂಡು ಹೋದಾಗ ಕಳೆಗಿಡಗಳ ನಡುವೆ ಕಾಲಿಗೆ ಸಿಕ್ಕಿತು. ಅವನಿಗೆ ಆರು ವರ್ಷ. ಬೆಂಗಳೂರಿನಿಂದ ರಜೆಗೆ ಬಂದಿದ್ದಾನೆ. "ತಾತಾ, ಉಯ್ಯಾಲೆ ಎಲ್ಲಿ?" ಅಂತ ಕೇಳಿದ. ಎರಡು ಕಡೆ ಕಂಬಗಳಿದ್ದವು, ಮೇಲೆ ಅಡ್ಡ ಪೈಪೂ ಇತ್ತು. ನಡುವೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಒಂದು ಕಂಬ ಹಿಡಿದುಕೊಂಡು ಅದನ್ನೇ ಸುತ್ತಿದ. ಆಮೇಲೆ ಮನೆಗೆ ಹೋಗೋಣ ಅಂದ.

ಮನೆಗೆ ಬಂದು ಆ ಕೊಂಡಿಯನ್ನು ತೊಳೆದು ನೋಡಿದೆ. ಒಂದು ಕಡೆ ಪೆನ್ಸಿಲ್ ದಪ್ಪ ಇದೆ. ಇನ್ನೊಂದು ಕಡೆ, ಮೇಲಿನ ಕೊಕ್ಕೆಗೆ ತಾಗುವ ಜಾಗದಲ್ಲಿ, ಸವೆದು ಸವೆದು ಪೊರಕೆ ಕಡ್ಡಿಯಷ್ಟಾಗಿ ಕೊನೆಗೆ ಬಾಯಿ ಬಿಟ್ಟಿದೆ. ನಾನು 1987ರಿಂದ 2021ರವರೆಗೆ ಸಿಪ್ಕಾಟ್‌ನ, ಅಂದರೆ ತಮಿಳುನಾಡು ಸರ್ಕಾರದ ಕೈಗಾರಿಕಾ ಪ್ರದೇಶದ, ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಫಿಟ್ಟರ್ ಆಗಿದ್ದವನು. ಇಂಥ ಕೊಂಡಿ ಕೈಗೆ ಬಂದರೆ ಅದರ ಕಥೆ ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ಇದನ್ನು ಯಾರೂ ಮುರಿದಿಲ್ಲ. ಯಾವ ಪುಂಡ ಹುಡುಗನೂ ಎಳೆದು ಹಾಕಿಲ್ಲ. ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದೆ, ನಡುವೆ ಗ್ರೀಸ್ ಇರಲಿಲ್ಲ, ಅಷ್ಟೇ. ತಿಂಗಳಿಗೊಮ್ಮೆ ಐದು ನಿಮಿಷದ ಕೆಲಸ ಅದು. ವರ್ಷಗಟ್ಟಲೆ ಆ ಐದು ನಿಮಿಷ ಯಾರ ಕೆಲಸವೂ ಆಗಿರಲಿಲ್ಲ.

ಕೊಂಡಿ ಬಿಟ್ಟುಕೊಂಡ ದಿನ ಆ ಉಯ್ಯಾಲೆಯಲ್ಲಿ ಯಾವ ಮಗು ಕೂತಿತ್ತೋ ನನಗೆ ಗೊತ್ತಿಲ್ಲ. ಪೆಟ್ಟಾಗಲಿಲ್ಲ ಅಂತ ನಂಬಿಕೊಂಡಿದ್ದೇನೆ.

ಈ ಕೊಂಡಿಯನ್ನು ನೋಡುತ್ತಾ ನೋಡುತ್ತಾ ಈ ಪತ್ರ ಬರೆಯಬೇಕು ಅನ್ನಿಸಿತು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ನನಗೆ ಮನಸ್ಸು ಬಿಚ್ಚಿ ಬರೆಯಲು ಬರುವುದು ಇದೊಂದೇ ಭಾಷೆ. ಪಕ್ಕದ ಮನೆಯ ಟೀಚರಮ್ಮ ಇದನ್ನು ತಮಿಳಿಗೆ ಮಾಡಿಕೊಡುತ್ತಾರೆ. ಕಚೇರಿಗೆ ಆ ಪ್ರತಿಯನ್ನು ಕೊಡುತ್ತೇವೆ.

ಈ ಬಡಾವಣೆಗೆ ನಾವು ಬಂದಿದ್ದು 1998ರಲ್ಲಿ. ಸೈಟು ತೋರಿಸಿದವರು ಲೇಔಟಿನ ನಕ್ಷೆಯನ್ನು ಸ್ಕೂಟರ್ ಸೀಟಿನ ಮೇಲೆ ಹರಡಿದ್ದರು. ನಡುವೆ ಹಸಿರು ಬಣ್ಣ ಹಚ್ಚಿದ ಒಂದು ಚೌಕ ಇತ್ತು. "ಇದು ಪೂಂಗಾ, ಮಕ್ಕಳಿಗೆ" ಅಂದರು. ಪೂಂಗಾ ಅಂದರೆ ತಮಿಳಿನಲ್ಲಿ ಪಾರ್ಕು. ನನ್ನ ಹೆಂಡತಿ ಆ ಚೌಕ ನೋಡಿಯೇ ಸೈಟಿಗೆ ಒಪ್ಪಿದಳು. ಬೇರೆ ಕಡೆ ಇನ್ನೂ ಕಡಿಮೆ ಬೆಲೆಗೆ ಸಿಗುತ್ತಿತ್ತು. ನಮ್ಮ ಹಾಗೆ ಎಷ್ಟೋ ಜನ ಆ ಹಸಿರು ಚೌಕಕ್ಕೂ ಸೇರಿಸಿಯೇ ದುಡ್ಡು ಕೊಟ್ಟಿದ್ದೇವೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಪಾರ್ಕು ಕೇಳಿದಾಗ ಏನೋ ಬಿಟ್ಟಿ ಕೇಳುತ್ತಿದ್ದೇವೆ ಅನ್ನುವ ಹಾಗೆ ಕೆಲವರು ಮಾತಾಡುತ್ತಾರೆ. ಬಿಟ್ಟಿ ಅಲ್ಲ ಅದು.

ಆಗ ಪಾರ್ಕು ಹೇಗಿತ್ತು ಅಂತ ಹೊಸದಾಗಿ ಬಂದವರಿಗೆ ಗೊತ್ತಿರಲಿಕ್ಕಿಲ್ಲ. ಒಂದು ಜಾರುಬಂಡೆ, ಎರಡು ಉಯ್ಯಾಲೆ, ಒಂದು ಏರುಪೇರು ಹಲಗೆ, ಅವುಗಳ ಕೆಳಗೆ ಮರಳಿನ ಗುಂಡಿ. ಪಶ್ಚಿಮದ ಬದಿಗೆ ಒಂದು ಸಣ್ಣ ಬಯಲು. ಅಲ್ಲಿ ಲಗೋರಿ, ಕಬಡ್ಡಿ, ಸಂಜೆಯಾದರೆ ಶಟಲ್. ನನ್ನ ಇಬ್ಬರು ಮಕ್ಕಳೂ ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಕೇಳಿದವರಲ್ಲ. ಆ ಮರಳಿನ ಗುಂಡಿಯಲ್ಲಿ ಕೂತು ಆರು ತಿಂಗಳಲ್ಲಿ ತಮಿಳು ಕಲಿತರು. ತೆಲುಗೂ ಬಂತು. ಬಾಗಲೂರು ಕಡೆಯಿಂದ ಬಂದ ರೆಡ್ಡಿಗಳ ಮನೆಯ ಹುಡುಗ ನಮ್ಮ ಮನೆಗೆ ಬಂದು ನನ್ನ ಹೆಂಡತಿಯ ಹತ್ತಿರ "ಅಕ್ಕಾ, ಒಂದ್ ಲೋಟ ನೀರು" ಅಂತ ಕನ್ನಡದಲ್ಲಿ ಕೇಳುತ್ತಿದ್ದ. ಹೊಸೂರು ಅಂದರೆ ಇದೇ ಅಲ್ವಾ? ಮೂರು ಭಾಷೆ ಒಂದೇ ಬೀದಿಯಲ್ಲಿ ಬಾಳುವ ಊರು. ಯಾವ ಶಾಲೆಯೂ ಅದನ್ನು ಹಾಗೆ ಕಲಿಸಲಿಲ್ಲ. ಆ ಮರಳು ಕಲಿಸಿತು. ಈಗ ಅದೇ ಬೀದಿಯ ಮಕ್ಕಳು ಪಕ್ಕದ ಮನೆಯ ಮಗುವಿನ ಹೆಸರು ಕೇಳಿದರೆ ಹೇಳುವುದಿಲ್ಲ.

ಪಾರ್ಕು ಒಂದೇ ದಿನ ಹಾಳಾಗಲಿಲ್ಲ. ಹೇಗೆ ಹಾಳಾಯಿತು ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಮೊದಲು ಹೋಗಿದ್ದು ನೀರು. 2014ರ ಬೇಸಿಗೆಯಲ್ಲಿ ಬೋರಿನ ಮೋಟಾರ್ ಸುಟ್ಟಿತು. ಕಾಯಿಲ್ ಕಟ್ಟಿಸಿ ತರುತ್ತೇವೆ ಅಂತ ಬಿಚ್ಚಿಕೊಂಡು ಹೋದರು. ಅದು ವಾಪಸ್ ಬರಲೇ ಇಲ್ಲ. ನಾನು ಮೂರು ಸಲ ಹೋಗಿ ಕೇಳಿದೆ. ಒಬ್ಬರು ಇನ್ನೊಬ್ಬರ ಹೆಸರು ಹೇಳಿದರು, ಅವರು ವರ್ಗವಾಗಿ ಹೋಗಿದ್ದರು. ನಾಲ್ಕನೇ ಸಲ ನಾನು ಹೋಗಲಿಲ್ಲ. ಅದು ನನ್ನ ತಪ್ಪು. ನೀರಿಲ್ಲದೆ ಒಂದೇ ಬೇಸಿಗೆಗೆ ಹುಲ್ಲು ಸತ್ತಿತು. ಹುಲ್ಲು ಸತ್ತ ಜಾಗಕ್ಕೆ ಕಾಂಗ್ರೆಸ್ ಗಿಡ ಬಂತು. ದಿನಾ ಬರುತ್ತಿದ್ದ ಮಾಲಿಗೆ ಮಾಡಲು ಕೆಲಸ ಇಲ್ಲದ ಹಾಗಾಯಿತು. ಅವರನ್ನು ಬೇರೆ ಕಡೆಗೆ ಹಾಕಿದರು. ಮಾಲಿ ಇಲ್ಲ ಅಂದಮೇಲೆ ದೀಪ ಹೋದರೆ ಹೇಳುವವರಿಲ್ಲ. ದೀಪ ಇಲ್ಲ ಅಂದಮೇಲೆ ಕತ್ತಲಾದ ಕೂಡಲೇ ಬಾಟಲಿ ಹಿಡಿದವರು ಬಂದು ಕೂತರು. ಅವರು ಬಂದರು ಅಂತ ನಾವೇ ಹೋಗಿ ಗೇಟಿಗೆ ಬೀಗ ಹಾಕಿಸಿದೆವು. ಬೀಗ ಬಿದ್ದ ಮೇಲೆ ಮಕ್ಕಳು ಹೋಗುವುದು ನಿಂತಿತು. ಮಕ್ಕಳಿಲ್ಲದ ಜಾಗಕ್ಕೆ ಮನೆ ಕಟ್ಟುವವರು ಇಟ್ಟಿಗೆ ಚೂರು, ಟೈಲ್ಸ್ ತುಂಡು ತಂದು ಕಾಂಪೌಂಡಿನ ಆಚೆಯಿಂದಲೇ ಸುರಿದರು. ಉಯ್ಯಾಲೆ ಇದ್ದಷ್ಟು ದಿನ ಬೀಗ ಹಾರಿ ಬಂದ ಮಕ್ಕಳು ಆಡಿದರು, ಗ್ರೀಸ್ ಇಲ್ಲದ ಕೊಂಡಿಯ ಮೇಲೆ.

ಒಂದು ಮೋಟಾರಿನಿಂದ ಶುರುವಾಗಿದ್ದು ಇಷ್ಟು ದೂರ ಬಂತು. ಕಾರ್ಖಾನೆಯಲ್ಲಿ ಇದನ್ನು ನಾವು ಎಷ್ಟು ಸಲ ನೋಡಿಲ್ಲ. ಒಂದು ಸಣ್ಣ ಬೇರಿಂಗ್ ಬದಲಿಸದೆ ಬಿಟ್ಟರೆ ಶಾಫ್ಟ್ ಹೋಗುತ್ತದೆ, ಶಾಫ್ಟ್ ಹೋದರೆ ಗೇರ್ ಬಾಕ್ಸ್ ಹೋಗುತ್ತದೆ, ಕೊನೆಗೆ ಇಡೀ ಲೈನ್ ನಿಲ್ಲುತ್ತದೆ.

ಹಾಗಂತ ನಮ್ಮ ಪಾರ್ಕಿಗೆ ಯಾರೂ ಖರ್ಚು ಮಾಡಲಿಲ್ಲ ಅನ್ನುವಂತಿಲ್ಲ. ನಡುವೆ ಒಂದು ಸಲ ಕಾಲುದಾರಿಗೆ ಸಿಮೆಂಟ್ ಬ್ಲಾಕ್ ಹಾಕಿದರು. ಇನ್ನೊಂದು ಸಲ ವ್ಯಾಯಾಮದ ಉಪಕರಣ ತಂದು ನೆಟ್ಟರು. ನೆಟ್ಟ ದಿನ ನಾನೇ ಖುಷಿಯಿಂದ ಎಲ್ಲದರ ಮೇಲೂ ಕೂತು ನೋಡಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಬೇರಿಂಗ್‌ಗಳೆಲ್ಲ ತುಕ್ಕು ಹಿಡಿದು ಕೂತವು. ಕಟ್ಟುವುದಕ್ಕೆ ದುಡ್ಡು ಬರುತ್ತದೆ, ನೋಡಿಕೊಳ್ಳುವುದಕ್ಕೆ ಬರುವುದಿಲ್ಲ. ಆದ್ದರಿಂದ ಅಧಿಕಾರಿಗಳಿಗೆ ನನ್ನ ಬೇಡಿಕೆ ಇದು. ದಯವಿಟ್ಟು ಈ ಸಲ ಹೊಸ ಉಪಕರಣ ತರಬೇಡಿ. ಮೊದಲು ನೀರಿನ ಒಂದು ನಲ್ಲಿ ಮತ್ತು ದಿನಾ ಬರುವ ಒಬ್ಬ ಮಾಲಿಯನ್ನು ಕೊಡಿ. ಅವರ ಸಂಬಳ ಪ್ರತಿ ತಿಂಗಳು ಎಲ್ಲಿಂದ ಬರುತ್ತದೆ ಅಂತ ಮೊದಲೇ ಬರೆದಿಡಿ. ಉಯ್ಯಾಲೆಯನ್ನು ಆಮೇಲೆ ಕಟ್ಟೋಣ.

ಮಾಲಿ ಸಿಗುವುದು ಕಷ್ಟ ಅನ್ನುವ ಮಾತನ್ನು ಬೇರೆ ಊರಿನವರು ಹೇಳಬಹುದು. ಹೊಸೂರಿನವರು ಹೇಳುವ ಹಾಗಿಲ್ಲ. ಗುಲಾಬಿ ಬೆಳೆದು ಹೊರದೇಶಕ್ಕೆ ಕಳಿಸುವ ಊರು ನಮ್ಮದು. ಫೆಬ್ರವರಿ ಬಂತು ಅಂದರೆ ಇಲ್ಲಿನ ಪಾಲಿಹೌಸ್‌ಗಳಲ್ಲಿ ಹಗಲು ರಾತ್ರಿ ಕೆಲಸ. ತಳಿ, ಬೇರಿಕೆ, ಬಾಗಲೂರು ಕಡೆಯ ಹೆಣ್ಣುಮಕ್ಕಳಿಗೆ ಗಿಡದ ಎಲೆ ನೋಡಿದರೆ ಏನು ರೋಗ ಅಂತ ಗೊತ್ತಾಗುತ್ತದೆ. ನಮ್ಮ ಬಡಾವಣೆಯಲ್ಲೇ ಅಂಥ ಕೆಲಸ ಮಾಡಿ ಬಿಟ್ಟವರು ಇದ್ದಾರೆ. ಅವರಲ್ಲಿ ಒಬ್ಬರಿಗೆ ಈ ಕೆಲಸ ಕೊಟ್ಟರೆ ಪಾರ್ಕಿಗೂ ಒಳ್ಳೆಯದು, ಅವರ ಮನೆಗೂ ಒಳ್ಳೆಯದು.

ಇನ್ನು ಕಾನೂನಿನ ಮಾತು. ಇತ್ತೀಚೆಗೆ ಕೆಲವರು "ಸುಮ್ನೆ ಖಾಲಿ ಬಿದ್ದಿದೆ, ಅಲ್ಲಿ ಒಂದು ಮಂಟಪವೋ ಪಾರ್ಕಿಂಗೋ ಮಾಡಿಬಿಡೋಣ" ಅನ್ನುತ್ತಿದ್ದಾರೆ. ಮಾತಾಡುವವರು ನನ್ನ ಸ್ನೇಹಿತರೇ. ಅವರಿಗೆ ಕೆಟ್ಟ ಉದ್ದೇಶ ಇಲ್ಲ. ಆದರೆ ಹಾಗೆ ಮಾಡಲು ನಮಗೂ ಹಕ್ಕಿಲ್ಲ, ಕಚೇರಿಗೂ ಮನಸ್ಸಿಗೆ ಬಂದ ಹಾಗೆ ಮಾಡಲು ಹಕ್ಕಿಲ್ಲ. ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡುವುದಕ್ಕೆಂದೇ 1959ರಲ್ಲಿ, ಇನ್ನೂ ಮದ್ರಾಸ್ ರಾಜ್ಯ ಅಂತ ಹೆಸರಿದ್ದಾಗಲೇ, ಇಲ್ಲಿ ಒಂದು ಕಾನೂನು ಆಗಿದೆ. ಇವತ್ತಿನ ನಿಯಮ, ಅಂದರೆ 2019ರದ್ದು, ಹೇಳುವ ಪ್ರಕಾರ 10,000 ಚದರ ಮೀಟರ್‌ಗಿಂತ ದೊಡ್ಡ ಲೇಔಟ್ ಆದರೆ ರಸ್ತೆ ಬಿಟ್ಟು ಉಳಿದದ್ದರಲ್ಲಿ 10% ಜಾಗವನ್ನು ಬಯಲಾಗಿ ಬಿಡಬೇಕು, ದಾನಪತ್ರ ಮಾಡಿ ಸ್ಥಳೀಯ ಸಂಸ್ಥೆಗೆ ಕೊಡಬೇಕು. ಓಎಸ್‌ಆರ್ ಜಾಗ ಅಂತ ಎಲ್ಲರೂ ಹೇಳುತ್ತಾರಲ್ಲ, ಅದೇ. ಸಂವಿಧಾನದ 12ನೇ ಷೆಡ್ಯೂಲಿನಲ್ಲಿ ಪಟ್ಟಣದ ಆಡಳಿತದ ಕೆಲಸಗಳ ಪಟ್ಟಿ ಇದೆ. ಪಾರ್ಕು, ತೋಟ, ಆಟದ ಮೈದಾನ ಅದರ 12ನೇ ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿದೆ.

ನಮ್ಮ ಪಕ್ಕದ ಬೆಂಗಳೂರಿನಲ್ಲೇ ಒಂದು ದೊಡ್ಡ ಕೇಸ್ ನಡೆದಿತ್ತು. ರಾಜಮಹಲ್ ವಿಲಾಸ್ ಎಕ್ಸ್‌ಟೆನ್ಷನ್‌ನಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಒಂದು ಖಾಸಗಿ ಟ್ರಸ್ಟಿಗೆ ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1991ರಲ್ಲಿ ತೀರ್ಪು ಬಂತು, ಪಾರ್ಕಿನ ಜಾಗ ಪಾರ್ಕಿಗೇ ಅಂತ. ಆಸ್ಪತ್ರೆಯೂ ಒಳ್ಳೆಯ ಕೆಲಸವೇ. ಆದರೂ ಪಾರ್ಕಿನ ಜಾಗದಲ್ಲಿ ಬೇಡ ಅಂದಿತು ಕೋರ್ಟು. ಅಂಥದ್ದರಲ್ಲಿ ಕಾರು ನಿಲ್ಲಿಸುವುದಕ್ಕೆ ನಾವು ಮಕ್ಕಳ ಜಾಗ ತೆಗೆದುಕೊಳ್ಳುವುದು ಹೇಗೆ?

ನಮ್ಮ ಪಾರ್ಕಿನ ದಾನಪತ್ರ ಆಗಿದೆಯೋ ಇಲ್ಲವೋ ಅನ್ನುವುದು ಮುಖ್ಯ. ಎಷ್ಟೋ ಹಳೆಯ ಲೇಔಟ್‌ಗಳಲ್ಲಿ ನಕ್ಷೆಯಲ್ಲಿ ಹಸಿರು ಇರುತ್ತದೆ, ಕಾಗದ ಮಾತ್ರ ಆಗಿರುವುದಿಲ್ಲ. ಸರ್ವೇ ನಂಬರ್ ಹಾಕಿ ಇಸಿ, ಅಂದರೆ ಆ ಜಾಗದ ಮೇಲೆ ನೋಂದಣಿಯಾದ ಪತ್ರಗಳ ಋಣಭಾರ ಪತ್ರ, ತೆಗೆಸಿದರೆ ಗೊತ್ತಾಗುತ್ತದೆ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ ನಕ್ಷೆಯ ಪ್ರತಿ ಕೇಳಬಹುದು. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಈ ಎರಡು ಕೆಲಸ ನಾನು ಈ ವಾರ ಮಾಡುತ್ತೇನೆ. ಯಾರ ಮೇಲೂ ಜಗಳಕ್ಕೆ ಹೋಗುವುದಕ್ಕೆ ಅಲ್ಲ. ಜಾಗ ನಮ್ಮ ಎಲ್ಲರದ್ದು ಅಂತ ಕಾಗದದಲ್ಲಿ ಇದ್ದರೆ ಮುಂದಿನ ಮಾತು ಸುಲಭ.

ದುಡ್ಡಿನ ವಿಷಯಕ್ಕೆ ಬಂದರೆ, ತಮಿಳುನಾಡು ಸರ್ಕಾರದ 'ನಮಕ್ಕು ನಾಮೇ' ಅನ್ನುವ ಯೋಜನೆ ಇದೆ. ಅಂದರೆ 'ನಮಗೆ ನಾವೇ'. ಜನ ಕನಿಷ್ಠ ಮೂರನೇ ಒಂದು ಭಾಗ ಹಾಕಿದರೆ ಉಳಿದದ್ದನ್ನು ಸರ್ಕಾರ ಹಾಕುತ್ತದೆ. ನಮ್ಮ ಬಡಾವಣೆಯಲ್ಲಿ ದೀಪಾವಳಿ ಚೀಟಿ ಕಟ್ಟುವ ಮನೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಬೋರು ಸರಿ ಮಾಡಿಸಿ, ಕಾಂಪೌಂಡ್ ಕಟ್ಟಿಸುವಷ್ಟು ನಮ್ಮ ಪಾಲನ್ನು ನಾವು ಖಂಡಿತ ಹೊಂದಿಸಬಹುದು. ಸಿಪ್ಕಾಟ್‌ನ ಕಾರ್ಖಾನೆಗಳಿಗೂ ಸಮಾಜಕ್ಕೆ ಅಂತ ಖರ್ಚು ಮಾಡಬೇಕಾದ ದುಡ್ಡು ಇರುತ್ತದೆ, ಕೇಳಬಹುದು. ಆದರೆ ಯಾರ ದುಡ್ಡು ಬಂದರೂ ಒಪ್ಪಂದ ಕಾಗದದ ಮೇಲೆ ಇರಲಿ. ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ನೋಡಿಕೊಳ್ಳಲು ಅಲ್ಲಿನ ನಿವಾಸಿಗಳು ಟ್ರಸ್ಟ್ ಮಾಡಿಕೊಂಡು 2011ರಲ್ಲಿ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡರು. ಯಾರು ಏನು ಮಾಡಬೇಕು ಅಂತ ಬರೆದಿದ್ದರೆ ಅಧಿಕಾರಿ ವರ್ಗವಾಗಿ ಹೋದರೂ ಕೆಲಸ ವರ್ಗವಾಗುವುದಿಲ್ಲ. ನನ್ನ ಮೋಟಾರಿನ ಅನುಭವದಿಂದ ಹೇಳುತ್ತಿದ್ದೇನೆ.

ಮಾತಾಡಲು ಜಾಗವೂ ಇದೆ. ಹಳ್ಳಿಗಳಿಗೆ ಗ್ರಾಮಸಭೆ ಇದ್ದ ಹಾಗೆ ತಮಿಳುನಾಡಿನ ಪಟ್ಟಣಗಳಿಗೆ ಏರಿಯಾ ಸಭೆ ಬಂದಿದೆ. ಮೊದಲ ಸಲ ನಡೆದಿದ್ದು 2022ರ ನವೆಂಬರ್ 1ರಂದು. ನಮಗೆಲ್ಲ ಆ ತಾರೀಕು ಬೇರೆ ಕಾರಣಕ್ಕೆ ನೆನಪಿರುತ್ತದೆ. ಆವತ್ತು ರಾಜ್ಯೋತ್ಸವ ಅಂತ ಮನೆಯಲ್ಲಿ ಪಾಯಸ ಮಾಡಿ ತಿಂದು ಮಲಗಿದ್ದೆ, ಸಭೆಗೆ ಹೋಗಬೇಕು ಅಂತ ಹೊಳೆಯಲಿಲ್ಲ. ಮುಂದಿನ ಸಲ ನಮ್ಮ ಬೀದಿಯಿಂದ ಹತ್ತು ಜನ ಹೋಗೋಣ. ಭಾಷೆ ಬರುವುದಿಲ್ಲ ಅಂತ ಹಿಂದೆ ಕೂರುವುದು ಬೇಡ. ಇಷ್ಟು ವರ್ಷ ತರಕಾರಿಗೆ, ಬಸ್ಸಿಗೆ, ಆಸ್ಪತ್ರೆಗೆ ಸಾಕಾದ ತಮಿಳು ಪಾರ್ಕಿಗೂ ಸಾಕಾಗುತ್ತದೆ.

ಒಂದು ಮಾತು ಗಂಡುಮಕ್ಕಳ ಅಪ್ಪಂದಿರಿಗೆ. ಪಾರ್ಕು ತೆರೆದರೆ ಬಯಲನ್ನು ಕ್ರಿಕೆಟ್ ಹುಡುಗರೇ ತುಂಬಿಕೊಳ್ಳುತ್ತಾರೆ. ಮೊದಲೂ ಹಾಗೇ ಆಗಿತ್ತು. ನನ್ನ ಮಗಳು ಕಾಂಪೌಂಡಿನ ಮೇಲೆ ಕಾಲು ಇಳಿಬಿಟ್ಟು ಕೂತು ಅಣ್ಣನ ಆಟ ನೋಡುತ್ತಿದ್ದಳು. ಯಾಕೆ ಆಡಲ್ಲ ಅಂದರೆ "ಚೆಂಡು ಬರುತ್ತೆ ಅಪ್ಪಾ" ಅನ್ನುತ್ತಿದ್ದಳು. ಆಗ ನನಗೆ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಈಗ ಅನ್ನಿಸುತ್ತದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಮೈ ಬಗ್ಗಿಸಿ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಹೆಣ್ಣುಮಕ್ಕಳಿಗೂ ಸೇರಿಸಿ ಹೇಳಿದ ಲೆಕ್ಕ. ವಾರದಲ್ಲಿ ಮೂರು ಸಂಜೆ ಬಯಲು ಹೆಣ್ಣುಮಕ್ಕಳಿಗೆ ಅಂತ ಬೋರ್ಡ್ ಬರೆದು ಹಾಕೋಣ. ಥ್ರೋಬಾಲ್ ನೆಟ್ ನಾನು ಕೊಡಿಸುತ್ತೇನೆ.

ಉಯ್ಯಾಲೆ ಮತ್ತೆ ಹಾಕುವಾಗ ಒಂದು ಎಚ್ಚರಿಕೆ ಇರಲಿ. ಈಗ ಆ ಜಾಗಕ್ಕೆ ಸಿಮೆಂಟ್ ಬ್ಲಾಕ್ ಬಂದಿದೆ. ನೋಡಲು ಚೊಕ್ಕಟ. ಆದರೆ ಮಗು ಬಿದ್ದರೆ ತಲೆ ಒಡೆಯುತ್ತದೆ. ಉಯ್ಯಾಲೆ, ಜಾರುಬಂಡೆಗಳ ಕೆಳಗೆ ಬ್ಲಾಕ್ ಕಿತ್ತು ಒಂದು ಅಡಿ ಆಳಕ್ಕೆ ಮರಳು ತುಂಬಿಸಬೇಕು. ವಾರಕ್ಕೊಮ್ಮೆ ಅದನ್ನು ಕೆದಕಿ ಸಡಿಲ ಮಾಡಬೇಕು, ಇಲ್ಲದಿದ್ದರೆ ಮರಳೂ ಗಟ್ಟಿಯಾಗುತ್ತದೆ. ಇದೂ ಮಾಲಿಯ ಕೆಲಸವೇ.

ಎಲ್ಲಾ ಸತ್ತುಹೋಗಿದೆ ಅಂತ ತಿಳಿಯಬೇಡಿ. 2000ದಲ್ಲಿ ನಾವೇ ನೆಟ್ಟ ಮೂರು ಹೊಂಗೆ ಮರ, ಒಂದು ನೇರಳೆ ಮರ ಹಾಗೇ ಇವೆ. ಯಾರೂ ನೀರು ಹಾಕಲಿಲ್ಲ, ಆದರೂ ಬದುಕಿವೆ. ನೇರಳೆ ಹಣ್ಣಿನ ಕಾಲಕ್ಕೆ ಹಿಂದಿನ ಗೋಡೆ ಬಿದ್ದ ಕಿಂಡಿಯಲ್ಲಿ ನುಸುಳಿ ಮಕ್ಕಳು ಬರುತ್ತಾರೆ. ಹೋದ ಜೂನ್‌ನಲ್ಲಿ ಮೂವರನ್ನು ನೋಡಿದೆ. ನಾಲಿಗೆ ಎಲ್ಲಾ ನೇರಳೆ ಬಣ್ಣ, ಒಬ್ಬಳ ಲಂಗದ ತುಂಬಾ ಹಣ್ಣು. ನನ್ನನ್ನು ನೋಡಿ ಓಡಿಹೋದರು. ಪಾರ್ಕಿಗೆ ಬಂದ ಮಕ್ಕಳು ದೊಡ್ಡವರನ್ನು ಕಂಡು ಓಡಿಹೋಗುವಂತೆ ಮಾಡಿದ್ದೇವಲ್ಲ ಅಂತ ಸಂಕಟವಾಯಿತು.

ಬರುವ ಭಾನುವಾರ ಬೆಳಿಗ್ಗೆ 6.30ಕ್ಕೆ ಪಾರ್ಕಿನ ಗೇಟಿನ ಹತ್ತಿರ ಸೇರೋಣ. ಮೊದಲ ಕೆಲಸ ಕಾಂಗ್ರೆಸ್ ಗಿಡ ಕೀಳುವುದು. ಹೂ ಬಿಡುವ ಮುಂಚೆ ಕಿತ್ತರೆ ಮಾತ್ರ ಪ್ರಯೋಜನ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮಳೆ ಬಿದ್ದು ಮಣ್ಣು ಮೆತ್ತಗಿದೆ, ಬೇರುಸಮೇತ ಬರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ತುರಿಕೆ ಶುರುವಾದರೆ ಬೇಗ ಹೋಗುವುದಿಲ್ಲ. ಗ್ಲೌಸ್ ಇಲ್ಲದಿದ್ದರೆ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳಿ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಉಬ್ಬಸ ಇರುವವರು ಅವತ್ತು ಬರುವುದು ಬೇಡ. ಅವರು ಟೀ ನೋಡಿಕೊಳ್ಳಲಿ. ಇಟ್ಟಿಗೆ ಚೂರು ಸಾಗಿಸಲು ಟ್ರ್ಯಾಕ್ಟರ್ ಇರುವವರು ಹೇಳಿದರೆ ಡೀಸೆಲ್ ನಾವು ಹಾಕಿಸುತ್ತೇವೆ. ಅಧಿಕಾರಿಗಳಲ್ಲಿ ಒಬ್ಬರಾದರೂ ಅವತ್ತು ಬಂದರೆ ನಮಗೆ ಬಲ. ಬಂದು ಬೋರನ್ನು ಒಮ್ಮೆ ನೋಡಿದರೆ ಸಾಕು. ಕೇಸಿಂಗ್ ಚೆನ್ನಾಗಿದೆ, ಹೋದ ವಾರ ಕಲ್ಲು ಕಟ್ಟಿ ದಾರ ಬಿಟ್ಟೆ, ಒದ್ದೆಯಾಗಿ ಬಂತು. ನೀರಿದೆ.

ನಾನು ಗ್ರೀಸ್ ಗನ್ ತರುತ್ತೇನೆ. ವ್ಯಾಯಾಮದ ಉಪಕರಣಗಳಲ್ಲಿ ಎರಡನ್ನಾದರೂ ಅವತ್ತೇ ತಿರುಗುವಂತೆ ಮಾಡಬಹುದು ಅನ್ನುವ ನಂಬಿಕೆ ಇದೆ.

ಇನ್ನೊಂದು ವಿಷಯ. ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ನಾಲ್ಕು ಮನೆ ಕೇಳಿದೆ, ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರು ಶನಿವಾರ ಸಂಜೆಯೊಳಗೆ ತಂದುಕೊಡಿ. ಸಿಗದಿದ್ದರೆ ಪ್ರತಿನಿಧಿಗಳಿಗೆ ಹೇಳಿ ಬೀಗ ಒಡೆಯಲು ಒಪ್ಪಿಗೆ ತೆಗೆದುಕೊಳ್ಳುತ್ತೇನೆ. ಮೊಮ್ಮಗ ಸೋಮವಾರ ಬೆಂಗಳೂರಿಗೆ ವಾಪಸ್ ಹೋಗುತ್ತಾನೆ. ಅವನೂ ಭಾನುವಾರ ಬರುತ್ತಾನಂತೆ.

ಇಂತಿ,
ನಿಮ್ಮ ಬಡಾವಣೆಯ ಒಬ್ಬ ನಿವೃತ್ತ ಫಿಟ್ಟರ್
ಹೊಸೂರು